ವಾಪಸು ಬಾರದ ಹದಿನಾಲ್ಕು

ಟೂಲ್ ರೂಮಿನ ಕಿಟಕಿ ನನ್ನದು.
ಸಂಜೆ ಐದೂವರೆಗೆ ತೆರೆಯುತ್ತೇನೆ. ನವೆಂಬರಿನ ಟೊಲೀಡೋ,
ಮಾಮಿ ನದಿಯ ಚಳಿಯೆಲ್ಲ ಅವರ ಬೂಟಿಗೆ ಅಂಟಿಕೊಂಡು
ಒಳಗೆ ಬರುತ್ತದೆ.
ಹೆಸರು ಬರೆಸಿ. ಸುತ್ತಿಗೆ, ತಂತಿ ಬ್ರಶ್ಶು, ಹೆಲ್ಮೆಟ್ಟು ತಗೊಳ್ಳಿ.
ಕೊಟ್ಟದ್ದು ಕೊಟ್ಟ ಹಾಗೇ ವಾಪಸು ಬರಲಿ.
ಈ ಕಾಲೇಜಿನಲ್ಲಿ ನಾನು ಹೇಳುವ ಪಾಠ ಇಷ್ಟೇ.

ಎದುರು ಗೋಡೆಗೆ ಪೋಸ್ಟರು:
ಎಂಟು ತಿಂಗಳು, ಗಂಟೆಗೆ ಇಪ್ಪತ್ತಾರು ಡಾಲರು.
ಚಿತ್ರದ ಹುಡುಗಿಯ ಹಲ್ಲು ಬಲು ಬಿಳಿ,
ಕೈಗವಸು ಅಂಗಡಿಯ ಮಡಿಕೆ ಇನ್ನೂ ಬಿಟ್ಟಿಲ್ಲ.
ಅದರ ಕೆಳಗೆ ನಿಂತಳು ವರ್ಲೀನ್ ಸ್ಟಬ್ಸ್, ಐವತ್ತೊಂದು,
ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ
ಯಾರದೋ ರಕ್ತ ತೊಳೆದವಳು.
"ಇಪ್ಪತ್ತಾರರಲ್ಲಿ ಆರು ಸುಳ್ಳಿದ್ದರೂ ನಡೆಯುತ್ತೆ" ಅಂದಳು.
ಹದಿನಾಲ್ಕನೇ ನಂಬರಿನ ಹೆಲ್ಮೆಟ್ಟು ಕೊಟ್ಟೆ.

ನನ್ನಪ್ಪನದು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ
ಗ್ರಿಲ್ ಅಂಗಡಿ.
ಹೆಲ್ಮೆಟ್ಟೆಲ್ಲಿಂದ? ಒಂದು ಕೈಯಲ್ಲಿ ಕಪ್ಪು ಗಾಜು,
ಇನ್ನೊಂದರಲ್ಲಿ ಬೆಸುಗೆ.
ರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ಹೊರಳುವಾಗ
ಅವ್ವ ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲಿಡುತ್ತಿದ್ದಳು.
ಬೆಳಿಗ್ಗೆ ಅವೇ ಬಿಲ್ಲೆಗಳು ಪಲ್ಯಕ್ಕೆ ಹೋದವೋ ಏನೋ,
ಕೇಳಲಿಲ್ಲ ನಾನು.
ಊರಿನ ಅರ್ಧ ಗೇಟು ಅವನವೇ. ಸರ್ಟಿಫಿಕೇಟು ಒಂದೂ ಇಲ್ಲ.
ಇಲ್ಲಿ ಮೊದಲು ಕಾಗದ, ಆಮೇಲೆ ಕಬ್ಬಿಣ.

ಮಾರ್ಚಿನಲ್ಲಿ ಟ್ರೇಲರ್ ಕಾರ್ಖಾನೆಯ ಮ್ಯಾನೇಜರು
ಡೋನಟ್ಟಿನ ಡಬ್ಬಿ ಹಿಡಿದು ಬಂದ. ಸಲಹಾ ಸಮಿತಿ.
"ಎಷ್ಟು ಜನ ಬೇಕು?" ಕೇಳಿದರು ಡೀನ್.
"ಎಷ್ಟಿದ್ದರೆ ಅಷ್ಟು," ಬೆರಳಿನ ಸಕ್ಕರೆ ನೆಕ್ಕುತ್ತ ಅಂದ.
ಡೀನ್ ಬರೆದುಕೊಂಡರು.
ಆರು ಬೂತು ಹೆಚ್ಚಾದವು.
ಸಿಲಬಸ್ಸಿನಿಂದ ಒಂದು ಅಧ್ಯಾಯ ಇಳಿದು ಇನ್ನೊಂದು ಹತ್ತಿತು.
ಅವನ ಟ್ರೇಲರಿನ ಮೂಲೆಗೆ ಯಾವ ಹೊಲಿಗೆಯೋ
ಅದೇ ಎಲ್ಲರ ದಿನದ ಮಗ್ಗಿ.

ಹ್ಯಾಲ್‌ಬ್ರುಕ್ ಮೇಷ್ಟ್ರು ಮಾತ್ರ ಕ್ಲಾಸು ಮುಗಿದ ಮೇಲೆ
ವರ್ಲೀನಳನ್ನು ಉಳಿಸಿಕೊಂಡು
ತಲೆಯ ಮೇಲಿನ ಬೆಸುಗೆ ಹೇಳಿಕೊಡುತ್ತಿದ್ದ.
ಕಿಡಿ ಕುತ್ತಿಗೆಗೆ ಬೀಳುತ್ತದೆ, ಕೈ ಸೋಲುತ್ತದೆ,
ಇದಕ್ಕೆ ಅಂಕವೂ ಇಲ್ಲ.
"ಮತ್ತೆ ಯಾಕೆ?" ಅಂದರೆ
"ಹಡಗಿಗೂ ಹೊಟ್ಟೆ ಇರುತ್ತಲ್ಲ" ಅಂದ.
ಹತ್ತೂಕಾಲಿಗೆ ಅವರಿಬ್ಬರಿಗಾಗಿ ನಾನೂ ಕೂತಿರಬೇಕು,
ಬೈದುಕೊಳ್ಳುತ್ತ.

ಜೂನಿನಲ್ಲಿ ಪರೀಕ್ಷೆ.
ಬೆಸೆದ ಪಟ್ಟಿಯನ್ನು ಯಂತ್ರ ಕುದುರೆ ಲಾಳದಂತೆ ಬಗ್ಗಿಸುತ್ತದೆ.
ಅಕ್ಕಿಕಾಳಿನಷ್ಟು ಬಿರುಕು ಕಂಡರೂ ಫೇಲು.
ಅವಳದು ಮೊದಲ ಸಲ ಬಿರಿಯಿತು. ಎರಡನೇ ಸಲವೂ.
ಲಾಂಡ್ರಿಯ ಇಸ್ತ್ರಿ ನೆನಪಾಯಿತಂತೆ: ಅವಸರ ಮಾಡಿದರೆ ಸುಡುತ್ತೆ,
ನಿಂತರೂ ಸುಡುತ್ತೆ.
ಮೂರನೆಯದು ಬಾಗಿತು, ಪೂರ್ತಿ ಬಾಗಿತು,
ಬಿರಿಯಲಿಲ್ಲ.
ತಂದು ನನ್ನ ಕಿಟಕಿಯ ಕಟ್ಟೆಗಿಟ್ಟಳು,
"ನಿನ್ನ ಕಾಗದಗಳ ಮೇಲೆ ಭಾರಕ್ಕಿರಲಿ."

ಜುಲೈಯಲ್ಲಿ ಕಾರ್ಖಾನೆ ನೇಮಕ ನಿಲ್ಲಿಸಿತು.
ಮ್ಯಾನೇಜರು ಬದಲಾದ,
ಹೊಸಬನಿಗೆ ಡೋನಟ್ಟಿನ ವಿಷಯ ಗೊತ್ತಿಲ್ಲ.
ಪೋಸ್ಟರು ಇದೆ. ಒಂದು ಮೂಲೆಯ ಟೇಪು ಬಿಟ್ಟು
ಫ್ಯಾನು ತಿರುಗಿದಾಗಲೆಲ್ಲ ಪಟಪಟ ಅನ್ನುತ್ತೆ.

ಆಗಸ್ಟಿನ ಲೆಕ್ಕ ತಪಾಸಣೆಗೆ ಹದಿನಾಲ್ಕು ಸಿಗಲಿಲ್ಲ.
ಫೋನು ಮಾಡಿದೆ.
"ಇನ್ನೊಂದು ವಾರ ಬಿಡು ಮಾರಾಯ್ತಿ" ಅನ್ನುವ ದನಿಯಲ್ಲಿ
ವರ್ಲೀನ್ ಏನೋ ಅಂದಳು, ಹಿಂದೆ ಗ್ರೈಂಡರಿನ ಸದ್ದು.
ಹಡಗು ರಿಪೇರಿಯ ಯಾರ್ಡು. ಮೂರು ದಿನ ಕೈ ನೋಡುತ್ತಾರಂತೆ.
ಹೆಲ್ಮೆಟ್ಟು ಸ್ವಂತದ್ದೇ ತರಬೇಕಂತೆ.
ನೋಡುತ್ತಿರುವುದು ತಲೆಯ ಮೇಲಿನ ಬೆಸುಗೆ.
"ಹತ್ತೊಂಬತ್ತು ಕೊಡ್ತಾರೆ. ಆರಲ್ಲ, ಏಳು ಸುಳ್ಳು!"
ನಕ್ಕಳು. ಲೈನು ಹೋಯಿತು.

ರಿಜಿಸ್ಟರಿನಲ್ಲಿ ಎರಡೇ ಚೌಕ:
ಕಳೆದಿದೆ. ಮುರಿದಿದೆ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಆಮೇಲೆ ಅಂಚಿನಲ್ಲಿ, ಇಲ್ಲಿ ಯಾರೂ ಓದಲಾರದ
ಕನ್ನಡದಲ್ಲಿ ಬರೆದೆ:
ಕೆಲಸಕ್ಕೆ ಹೋಗಿದೆ.
ಪುಟ ಹಾರದಂತೆ ಲಾಳ ಇಟ್ಟೆ.