ಇನ್ನೊಂದು ಅವಧಿ

ದೂರವಾಣಿನಗರದ ಕ್ವಾರ್ಟರ್ಸ್, ಮೂರನೇ ಮಹಡಿಯ ಮೆಟ್ಟಿಲು.
ಮಾಸಿದ ಜೆರಾಕ್ಸ್ ಪುಸ್ತಕ,
ಹಾವು ಏಣಿ ಡಬ್ಬಿಯಿಂದ ಕದ್ದ ಎರಡು ದಾಳ.
ನನ್ನವನಿಗೆ ಹದಿನೆಂಟು ತುಂಬಿತ್ತು. ಸೇರಿಸಿದೆ
ನಕ್ಷತ್ರಗಳ ನಡುವಿನ ನೌಕಾದಳಕ್ಕೆ.
ನಾಲ್ಕು ವರ್ಷಕ್ಕೊಂದು ಅವಧಿ, ಅವಧಿಗೊಂದು ವಿದ್ಯೆ:
ಬಂದೂಕು, ಚುಕ್ಕಾಣಿ, ವೈದ್ಯ, ಜೂಜು,
ಮತ್ತೆ ಬಂದೂಕು.

‘ಸಾಕು, ಇಳಿಸೋ ಅವನ್ನ’ ಅಂದ ಪುಷ್ಪರಾಜ.
ಆಟ ಇನ್ನೂ ಶುರುವಾಗಿರಲಿಲ್ಲ.
ಇನ್ನೊಂದು, ಅಂದೆ.
ಮೂವತ್ತೆಂಟು ಒಂದು ವಯಸ್ಸೇ?
ಹಡಗು ಸಿಗಲಿ, ಪೆನ್ಷನ್ ಸಿಗಲಿ,
ಆಮೇಲೆ ನೋಡ್ಕೊಳ್ಳಿ ನಿಮ್ಮ ರಾಕ್ಷಸರನ್ನ.

ಉಳಿಯಲು ಐದು ಬೀಳಬೇಕಿತ್ತು.
ಎರಡು. ಒಂದು.

ಕೆಂಪು ಪೆನ್ನಲ್ಲಿ ಗೀಟೆಳೆದ ಪುಷ್ಪರಾಜ,
ಮಸ್ಟರ್ ರೋಲಿನಲ್ಲಿ ಅವರಪ್ಪ ಎಳೆಯುವ ಹಾಗೆ,
ಕೆಳಗೆ ಕಾರ್ಡ್‌ಬೋರ್ಡ್ ಇಟ್ಟು.

ಇಪ್ಪತ್ತೆರಡಕ್ಕೇ ಇಳಿದ ತಬಸ್ಸುಮ್‌ಳ ಹುಡುಗಿ
ಒಂದು ಚಾಕು, ಅರೆಬರೆ ಈಜು, ಕೆಳದರ್ಜೆ ಟಿಕೆಟ್ಟು ಹಿಡಿದು
ಹೊರಟೇಬಿಟ್ಟಳು ಯಾವುದೋ ಹಸಿರು ಸೂರ್ಯನ ಕಡೆ.
ನಾನು ಪಕ್ಕದಲ್ಲೇ ಕೂತು
ಹಾಳೆಯ ಮೇಲಿನ ರಬ್ಬರ್ ಪುಡಿ ಊದುತ್ತಿದ್ದೆ.

ಕಾರ್ಖಾನೆಯಲ್ಲಿ ಎರಡನೇ ಪಾಳಿಯ ಸೈರನ್.
ಅಪ್ಪ ಬರಲಿಲ್ಲ, ಇವತ್ತೂ ಓವರ್‌ಟೈಮ್.