ಪಡುಗೋಡೆ

ಅಧ್ಯಕ್ಷರ ಕೋಣೆ, ಕಾರ್ಯದರ್ಶಿಯ ಕೋಣೆ,
ನಡುವೆ ಕೇರಂ ಬೋರ್ಡಿಗೊಂದಿಷ್ಟು ಜಾಗ.
ಕಾರವಾರದ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ
ಮೂರನೇ ಸಲ ಗೆರೆ ಎಳೆದಿದ್ದೆ.

ಸುಲಕ್ಷಾ ತಾಂಡೇಲ, ಮಾಜಾಳಿಯವಳು,
ನಕ್ಷೆಯ ಮೇಲೆ ಬೆರಳಿಟ್ಟಳು:
"ಬಸ್ಸು ತಪ್ಪಿದವರು ಎಲ್ಲಿ ಕೂರೋದು ಸರ್?
ಒಣಮೀನಿನ ಡಬ್ಬಿ ಎಲ್ಲಿ ಬಿಚ್ಚೋದು?"

ಕ್ಲಾಸಿನಲ್ಲಾದರೆ ಒಂದೊಂದೇ ಕಿಟಕಿ ತೆರೆದುಕೊಳ್ಳುತ್ತದಂತೆ.
ಯಾರೂ ಏನೂ ಅನ್ನುವುದಿಲ್ಲವಂತೆ.

ಉಪ್ಪುಗಾಳಿಯ ಮಾತೆತ್ತಿದೆ:
ಸರಳಿಗೆ ತುಕ್ಕು ಹಿಡಿಯುತ್ತದೆ, ಪಡುಗೋಡೆ ಬೇಕೇ ಬೇಕು.
"ನಮಗೆ ಹಿಡಿದಿಲ್ಲವಲ್ಲ."

ರಾತ್ರಿ ರಬ್ಬರು ಹಿಡಿದು ಕೂತೆ.
ಪಡುಗೋಡೆಯ ಜತೆ
ಅಧ್ಯಕ್ಷರ ಕೋಣೆಯೂ ಹೋಯಿತು.
ಕಡಲಿನತ್ತ ಚಿರೇಕಲ್ಲಿನ ಉದ್ದ ಕಟ್ಟೆ,
ತುದಿಗೊಂದು ನಲ್ಲಿ.

ಈ ಭಾಗಕ್ಕೆ ಹೆಸರೇನೆಂದು ಪ್ರಾಂಶುಪಾಲರು ಕೇಳಿದ್ದಾರೆ.
ಇನ್ನೂ ಬರೆದಿಲ್ಲ.