ಬ್ಯಾರಲ್ ಮ್ಯಾಲಿನ ಹೆಸರು

ಕರೆಂಟ್ ಬಿಲ್ಲು ಬರೂದು ಮಾಲಕ್ತಿಯ ಮಾವನ ಹೆಸರಿಗೆ.
ಸತ್ತು ಹತ್ತೊಂಬತ್ತು ವರ್ಷಾತು,
ಇನ್ನೂ ತಿಂಗಳಾ ತಿಂಗಳಾ ಯುನಿಟ್ ಸುಡತಾನ ಮುದುಕ.
ಟಪಾಲು ಬರೂದು ದಾವಲಸಾಬ ನದಾಫ ಅನ್ನಾಂವಗ,
ನನಕಿಂತ ಮೊದಲ ಇಲ್ಲಿದ್ದಾಂವ,
ಗ್ವಾಡಿಗೆ ನಾಕು ಮೊಳಿ,
ಕ್ಯಾಲೆಂಡರ್ ತೂಗಿದಲ್ಲೆ ಒಂದು ಬೆಳ್ಳನ ಚೌಕ ಬಿಟ್ಟು ಹೋದಾಂವ.

ನನ್ನ ಹೆಸರು ಈ ಮನ್ಯಾಗ ಒಂದ ಕಡೆ ಐತಿ:
ಬಚ್ಚಲದ ನೀಲಿ ಬ್ಯಾರಲ್ ಮ್ಯಾಲೆ,
ಕೆಂಪು ಬಣ್ಣದಾಗ ನಾನ ಬರಕೊಂಡಿದ್ದು.
ಸಾವಂತ್ರಿ. ಮ್ಯಾಲಿನ ಖೋಲಿ.
ಇನ್ನೂರು ರೂಪಾಯಿ ಕೊಟ್ಟೇನಿ ಆ ಬ್ಯಾರಲ್ಲಿಗೆ,
ಅನಸೂಯಾಬಾಯಿ ಜಿತೂರಿಯವರ ಕೈಯಾಗ.

ವಿದ್ಯಾನಗರದಾಗ ಕೇಳಿದ್ರು, ನೀವು ಯಾವ ಪೈಕಿ?
ಕೇಶ್ವಾಪುರದಾಗ ನನ್ನ ಚಪ್ಪಲಿ ನೋಡಿದ್ರು,
ಒಬ್ಬಾಕೀನ ಅಂದಕೂಡ್ಲೆ ಖೋಲಿ ಖಾಲಿ ಇಲ್ಲಂದ್ರು,
ಬಾಗಲಕ್ಕ ಬೋರ್ಡು ತೂಗತಿದ್ದಂಗ.
ಕಮರಿಪೇಟೆಯ ಈಕಿ ಮಾತ್ರ,
ಒಲಿ ಮ್ಯಾಲೆ ಖಾರದ ಸಾರು ಕುದಿಯಾಕ ಬಿಟ್ಟು ಬಂದು ಕೇಳಿದಳು:
ರಾತ್ರಿ ಪಾಳಿ ಐತೇನ?
ಐತಿ ಅಂದೆ.
ಹಂಗಾರ ಗೇಟಿನ ಚಿಲಕ ಸಪ್ಪಳ ಮಾಡಬ್ಯಾಡ.
ಹನ್ನೊಂದು ತಿಂಗಳ ಕರಾರು.
ಹನ್ನೆರಡನೇ ತಿಂಗಳು ಯಾರದು
ಅಂತ ನಾ ಕೇಳಲಿಲ್ಲ.

ಗೋಕುಲ ರೋಡಿನ ವಾಲ್ವ್ ಫ್ಯಾಕ್ಟರ್ಯಾಗ ಅಳಿಯೂದು ನನ್ನ ಕೆಲಸ.
ಮಿಲಿಮೀಟರಿನ ನೂರರಾಗ ಎರಡು ಪಾಲು ಹೆಚ್ಚಾದ್ರ
ಕೆಂಪು ಟ್ರೇಗೆ ಒಗೀಬೇಕು.
ನಾ ಪಾಸ್ ಮಾಡಿದ್ದು ಸಮುದ್ರ ದಾಟಿ ಹೋಗತಾವಂತ,
ಎಲ್ಲೋ ಮರಳಗಾಡಿನ ಊರಿನ್ಯಾಗ
ಒಂದು ಹನಿ ಸೋರದಂಗ ನೀರು ತಡದು ನಿಂದರತಾವಂತ.
ಇಲ್ಲಿ ನಳ ಎಂಟು ದಿನಕ್ಕೊಮ್ಮೆ ಮೊದಲು ಕೆಮ್ಮತೈತಿ,
ಆಮ್ಯಾಲೆ ಗಾಳಿ,
ಆಮ್ಯಾಲೆ ಚಾ ಬಣ್ಣದ ಒಂದು ಧಾರಿ.

ಒಂದಿನ ವರ್ನಿಯರ್ ಚೀಲದಾಗ ಹಾಕ್ಕೊಂಡು ಬಂದೆ.
(ತರಬಾರದು. ತಂದೆ.)
ಮಲಗೂ ಕಡೆಯ ಗ್ವಾಡಿಯ ಬಿರುಕು ಅಳದೆ:
ಎರಡು ಪಾಯಿಂಟ್ ಮೂರು.
ಮಳಿಗಾಲ ಮುಗದ ಮ್ಯಾಲೆ ಎರಡು ಪಾಯಿಂಟ್ ಎಂಟು.
ಹೇಳಿದ್ರ ಅನಸೂಯಾಬಾಯಿ ನಕ್ಕಳು,
ನನ್ನ ಮದಿವಿ ಆದಾಗಿಂದ ಐತಿ ತಗೋ ಅದು,
ಮನಿ ಅಂದಮ್ಯಾಲೆ ಉಸಿರಾಡಬ್ಯಾಡೇನ.

ಕಾರ್ತೀಕದಾಗ ನಳ ಬಂದಿದ್ದು ರಾತ್ರಿ ಎರಡಕ್ಕ,
ನಾನು ಪಾಳಿಯ ಮ್ಯಾಲೆ.
ಖಾಲಿ ಬ್ಯಾರಲ್ ನೆನಸಿಕೋತ ಪೈಲಾ ಬಸ್ಸಿನ್ಯಾಗ ಬಂದೆ,
ತಲಿ ತುಂಬ ಕೂಲಂಟಿನ ವಾಸನಿ.
ನೋಡಿದ್ರ ಅಂಚಿಗಂಟ ತುಂಬೈತಿ.
ಮುಚ್ಚಳದ ಮ್ಯಾಲೆ ಹಾರಬಾರದಂತ ರುಬ್ಬುಗುಂಡು.
ಮೊಣಕಾಲು ಬಾತ ಮುದುಕಿ
ಹದಿನಾರು ಮೆಟ್ಟಲಾ ಪೈಪು ಎಳದಾಳ.
ಏನಂತ ಹೇಳೂದು ತಿಳೀಲಿಲ್ಲ, ಹೇಳಲೂ ಇಲ್ಲ.
ಮುಂದಿನ ತಿಂಗಳು ಐನೂರು ಬಾಡಿಗಿ ಏರಿಸಿದಳು.

ಮೊನ್ನೆ ಐತವಾರ ಬಾಗಲದಾಗ ಒಬ್ಬಾಂವ:
ನಾ ದಾವಲಸಾಬ, ನನ್ನ ಕಾಗದ ಬಂದಾವೇನ್ರಿ?
ಒಳಗ ಕಾಲಿಡಲಿಲ್ಲ, ಕಣ್ಣಷ್ಟ ಒಳಗ ಬಂದುವು,
ಮೊಳಿ, ಚೌಕ, ಆಮ್ಯಾಲೆ ಬಿರುಕು.
ನಾ ಇದ್ದಾಗ ಇದರಾಗ ಪೋಸ್ಟಕಾರ್ಡ್ ಅಷ್ಟ ಹಿಡೀತಿತ್ತು ಅಂದ.
ಈಗ ಮಂಟೂರ ರೋಡಿನ್ಯಾಗ ಇರತಾನಂತ,
ಅಲ್ಲಿ ನೀರು ಹತ್ತು ದಿನಕ್ಕೊಮ್ಮೆ.

ಕುಡ್ಯಾಕ ಕೊಟ್ಟ ಗ್ಲಾಸು ತೊಳ್ಯಾಕ ಬಚ್ಚಲಕ್ಕ ಹ್ವಾದಾಂವ ನಿಂತುಬಿಟ್ಟ.
ಅಲ್ರೀ, ಇದು ನನ್ನ ಬ್ಯಾರಲ್.
ಬೊಟ್ಟಿಲೆ ನನ್ನ ಹೆಸರಿನ ಮ್ಯಾಲೆ ಕೆರದ.
ಕೆಂಪು ಎದ್ದು ಬಂತು,
ಅದರ ಕೆಳಗ ಹಸಿರು ಬಣ್ಣದಾಗ ಒಂದು ದಾ.

ಎಷ್ಟ ಕೊಟ್ರಿ? ಇನ್ನೂರು.
ನನಗ ನೂರೈವತ್ತಕ್ಕ ಮಾರಿದ್ಲು.
ಇಬ್ಬರೂ ನಕ್ಕಿವಿ, ಸಣ್ಣ ದನಿಯಾಗ,
ಕೆಳಗ ಅನಸೂಯಾಬಾಯಿ ಮಲಗಿದ್ದಳು.

ಏಳು ಲಕೋಟಿ ತಗೊಂಡ.
ಒಂದು ವಾಪಸ್ ಕೊಟ್ಟ.
ಇದು ಫೈನಾನ್ಸದವರದು ಅಕ್ಕಾರ,
ಬಂದ್ರ ಅಂದ್ರ ನಾ ಎಲ್ಲದೀನಿ ಗೊತ್ತಿಲ್ಲ ಅನ್ರಿ.
ಆತು ಅಂದೆ.
ಅವನ ಮೊಳಿಗೇ ಅದನ್ನ ಮತ್ತ ಸಿಗಸಿದೆ.